ಗೊಮ್ಮಟಸಾರದ ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವು ಗೊಮ್ಮಟೇಶ್ವರನ ಮೂರ್ತಿಯಿಂದ ಲೋಕಪ್ರಸಿದ್ಧವಾಗಿದೆ. ಆ ಮೂರ್ತಿಯನ್ನು ಮಾಡಿಸಿದ ಗಂಗಮಂತ್ರಿ ಚಾವುಂಡರಾಯನಿಗೆ ಗುರುವಾಗಿದ್ದವನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ. ಈತನ ಪ್ರಾಕೃತ ಕೃತಿಗಳಲ್ಲಿ ಗೊಮ್ಮಟಸಾರ, ತ್ರಿಲೋಕಸಾರಗಳು ಮುಖ್ಯವಾದುವು. ಇವು ಧರ್ಮಶಾಸ್ತ್ರಗ್ರಂಥಗಳಾದರೂ ಇವುಗಳಲ್ಲಿನ ಗಣಿತವು ಪಾಠಶೋಧನೆಗೂ ಪ್ರಮಾಣವಾಗಬಲ್ಲುದೆಂಬುದು ಒಂದು ಮಹಾಸಂಖ್ಯೆಯಿಂದ ವಿಶದವಾಗುತ್ತದೆ.

ತ್ರಿಲೋಕಸಾರದಲ್ಲಿ ಸಂಖ್ಯೆಗಳನ್ನು ಹದಿನಾಲ್ಕು ಧಾರೆಗಳಾಗಿ ವಿಭಾಗಿಸಿದೆ. ಸಮಸಂಖ್ಯೆಗಳದು ಸಮಧಾರೆ, ವರ್ಗಗಳದು ಕೃತಿಧಾರೆ, ಘನಗಳದು ಘನಧಾರೆ. ಎರಡನ್ನು ಮೇಲಿಂದ ಮೇಲೆ ವರ್ಗಿಸುತ್ತ ಹೋದರೆ ೪, ೧೬, ೨೫೬ ಎಂದು ದ್ವಿರೂಪವರ್ಗಧಾರೆಯು ಬೆಳೆಯುತ್ತದೆ. ಇದರ ನಾಲ್ಕನೆಯ ವರ್ಗವಾದ ೬೫೫೩೬ಕ್ಕೆ ಪಣ್ಣಟ್ಠಿಯೆಂದೂ, ಐದನೆಯದಾದ ೪೨೯೪೯೬೭೨೯೬ಕ್ಕೆ ಬಾದಾಲವೆಂದೂ ಹೆಸರು. ಮೊದಲಿನ ಅಂಕಗಳಾದ ಅರುವತ್ತೈದು, ನಲವತ್ತೆರಡುಗಳಿಂದಲೇ ಈ ಹೆಸರುಗಳು ಹುಟ್ಟಿವೆ. ಆರನೆಯದಾದ ೧೮೪೪೬೭೪೪೦೭೩೭೦೯೫೫೧೬೧೬ ಎಂಬುದು ಏಕಟ್ಠಿ.

ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ, ಎಂದರೆ ದೇಹಾದಿ ಶಕ್ತಿಗಳು ಪೂರ್ಣಗೊಂಡ ಮನುಷ್ಯರ, ಸಂಖ್ಯೆಯು ಐದನೆಯ ವರ್ಗದ ಘನಕ್ಕೆ ಸಮವೆಂದು ಹೇಳಿದೆ. ಬಾದಾಲವನ್ನು ಘನ ಮಾಡಿದರೆ ೭೯೨೨೮೧೬೨೫೧೪೨೬೪೩೩೭೫೯೩೫೪೩೯೫೦೩೩೬ ಎಂಬ ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆ ಬರುತ್ತದೆ. ಇದನ್ನು ೯೬ ಬಾರಿ ಅರ್ಧಿಸಿದರೆ ಒಂದು ಉಳಿಯುವುದರಿಂದ ಇದರ ಅರ್ಧಚ್ಛೇದವು ೯೬. ಈ ೯೬ನ್ನು ಎರಡೂ ಮೂರೂ ಭಾಗಿಸುವುದರಿಂದ ಸಂಖ್ಯೆಯು ವರ್ಗವೂ ಅಹುದು, ಘನವೂ ಅಹುದು. ದ್ವಿರೂಪವರ್ಗಧಾರೆಯಲ್ಲಿ ಇದಕ್ಕೆ ಸ್ಥಾನವಿಲ್ಲ. ಎಂಟರಿಂದ ಹೊರಟು ವರ್ಗಿಸುತ್ತ ಸಾಗುವ ದ್ವಿರೂಪಘನಧಾರೆಯಲ್ಲಿ ಇದು ಆರನೆಯ ಪದವು.

ಇದೇ ಸಂಖ್ಯೆಯನ್ನು ಮುಂದಿನ ಗಾಹೆಯು ಕಟಪಯಾದಿ ಕ್ರಮದಿಂದ ಇಪ್ಪತ್ತೊಂಬತ್ತು ಅಕ್ಷರಗಳಲ್ಲಿ ಹೇಳುತ್ತದೆ. ಅಂಕಗಳು ಬಲದಿಂದ ಎಡಕ್ಕೆ ಸಾಗುವುದರಿಂದ ಮೊದಲ ಅಕ್ಷರವಾದ ತಕಾರವು ಏಕಸ್ಥಾನದ ಆರು. ಕೊನೆಯ ಸಕಾರವು ಅತ್ಯುಚ್ಚಸ್ಥಾನದ ಏಳು. ಹದಿಮೂರನೆಯ ಅಕ್ಷರವು 'ಸಿಲಾ' ಎಂಬ ಪ್ರಾಕೃತಪದದ ಆದಿಯಲ್ಲಿದೆ. ಸಂಸ್ಕೃತದಲ್ಲಿ ಪರಿಚಯವುಳ್ಳ ಲಿಪಿಕಾರನು ಇದನ್ನು 'ಶಿಲಾ' ಎಂದು ತಿದ್ದಿದರೆ ಅರ್ಥಕ್ಕಾಗಲಿ ಛಂದಸ್ಸಿಗಾಗಲಿ ಕುಂದಿಲ್ಲ. ಆದರೆ ಸಕಾರದ ಬೆಲೆ ಏಳು, ಶಕಾರದ ಬೆಲೆ ಐದು. ಮೊತ್ತದಲ್ಲಿ ಎರಡು ಲಕ್ಷ ಕೋಟಿ ಕಡಮೆಯಾಗುತ್ತದೆ. ಹಾಗೆ ಕೆಟ್ಟ ಸಂಖ್ಯೆಯನ್ನು ಹದಿಮೂರು ಬಾರಿ ಅರ್ಧಿಸುವಷ್ಟರಲ್ಲಿಯೇ ವಿಷಮಸಂಖ್ಯೆಯು ಬಂದು ನಿಲ್ಲುತ್ತದೆ. ಹದಿಮೂರನ್ನು ಎರಡಾಗಲಿ ಮೂರಾಗಲಿ ಭಾಗಿಸದುದರಿಂದ ಅದು ವರ್ಗವೂ ಅಲ್ಲ, ಘನವೂ ಅಲ್ಲ. ವ್ಯಾಕರಣಕ್ಕೂ ಛಂದಸ್ಸಿಗೂ ಗೋಚರಿಸದ ದೋಷವನ್ನು ಗಣಿತವು ಹೀಗೆ ಹಿಡಿದುಕೊಡುತ್ತದೆ.

ಗೊಮ್ಮಟಸಾರಕ್ಕೆ ಕೇಶವಣ್ಣನು ಕ್ರಿ. ಶ. ೧೩೫೯ರಲ್ಲಿ ಕನ್ನಡದಲ್ಲಿ ಜೀವತತ್ತ್ವಪ್ರದೀಪಿಕೆಯೆಂಬ ವೃತ್ತಿಯನ್ನು ಬರೆದನು. ಮುಂದಿನ ಸಂಸ್ಕೃತ ಟೀಕೆಯು ಇದನ್ನು ಅನುಸರಿಸಿತು. ಆ ಟೀಕೆಯನ್ನು ಆಶ್ರಯಿಸಿ ಹದಿನೆಂಟನೆಯ ಶತಮಾನದಲ್ಲಿ ಟೋಡರಮಲ್ಲನ ಹಿಂದೀ ವ್ಯಾಖ್ಯಾನವು ಹುಟ್ಟಿತು. ಗಣಿತಪರಿಭಾಷೆಯನ್ನು ಕನ್ನಡ ಗದ್ಯವು ಇಷ್ಟು ಹಿಂದೆಯೇ ನಿರ್ವಹಿಸಿದೆಯೆಂಬುದು ಸಾಹಿತ್ಯಚರಿತ್ರೆಯಲ್ಲಿ ಗಣನೀಯವಾದ ಸಂಗತಿ. ಆದುದರಿಂದ ಇಂತಹ ಗ್ರಂಥಗಳನ್ನು ಸಂಪಾದಿಸುವವರೂ ಬೋಧಿಸುವವರೂ ಪ್ರತಿಗಳನ್ನು ಹೋಲಿಸುವುದರೊಡನೆ ಲೆಕ್ಕವನ್ನೂ ಮಾಡಿ ನೋಡುವುದು ಅವಶ್ಯವು.