ಬಯಲುಸೀಮೆ ಕಟ್ಟಿದ ಕಡಲ ವಿದ್ಯಾಲಯ

ಕೋಲಾರ ಜಿಲ್ಲೆಯ ಬೂದಿಕೋಟೆಯಿಂದ ಕಡಲು ಬಲು ದೂರ. ಆದರೂ ಮೈಸೂರು ರಾಜ್ಯಕ್ಕೆ ಕಡಲ ದಾರಿ ತೆರೆದವನು ಈ ಊರಿನಲ್ಲೇ ಹುಟ್ಟಿದ ಹೈದರಾಲಿ. 1763ರಲ್ಲಿ ಬಿದನೂರನ್ನು ಗೆದ್ದಾಗ ಮಂಗಳೂರು ಬಂದರು ಅವನ ಕೈಸೇರಿತು. ಅಲ್ಲಿ ಹಡಗು ಕಟ್ಟಿಸಿದ. ಎರಡು ಶತಮಾನ ಕಳೆದ ಮೇಲೆ ಅದೇ ಮಂಗಳೂರಿನಲ್ಲಿ ಕಡಲ ವಿದ್ಯೆಗೆ ನೆಲೆ ಒದಗಿಸಿದ್ದೂ ಬಯಲುಸೀಮೆಯ ಸಂಸ್ಥೆಯೇ. ಒಳನಾಡಿಗೂ ಕಡಲ ವಿದ್ಯೆಗೂ ಇರುವ ಈ ನಂಟನ್ನು ಗುರುತಿಸದೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಚರಿತ್ರೆ ಪೂರ್ತಿಯಾಗದು.

ಕಾಲೇಜು ಬರುವ ಮೊದಲೇ ಈ ಕರಾವಳಿಯ ಮೀನಿನ ಅಧ್ಯಯನ ಶುರುವಾಗಿತ್ತು. 1956ರವರೆಗೆ ಮಂಗಳೂರು ಮದ್ರಾಸಿಗೂ ಕಾರವಾರ ಮುಂಬಯಿಗೂ ಸೇರಿದ್ದವು. ಮದ್ರಾಸ್ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ 1920ರ ದಶಕದಲ್ಲೇ ಪಶ್ಚಿಮ ಕರಾವಳಿಯ ಬೂತಾಯಿ ಮೀನಿನ ಜೀವನಕ್ರಮವನ್ನು ಅಧ್ಯಯನ ಮಾಡಿದ್ದರು. 1947ರ ಫೆಬ್ರವರಿ 3ರಂದು ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹುಟ್ಟಿತು. ಅದರ ವಿಜ್ಞಾನಿ ಪ್ರಧಾನ್ ಅವರು ಕಾರವಾರದ ಬಂಗುಡೆ ಮೀನುಗಾರಿಕೆಯ ಬಗ್ಗೆ 1956ರಲ್ಲಿ ಪ್ರಕಟಿಸಿದ ದೀರ್ಘ ಲೇಖನ ಇಂದಿಗೂ ಆಧಾರಗ್ರಂಥದಷ್ಟು ತೂಕದ್ದು. ಇಂಥ ಅಧ್ಯಯನ ನಡೆಯುವುದು ದಡದಲ್ಲೇ. ಬಲೆ ಬಿಚ್ಚಿದ ಕೂಡಲೇ ರಾಶಿಯಿಂದ ಒಂದಿಷ್ಟು ಮೀನು ಆರಿಸಿ, ಅಳತೆಹಲಗೆಯ ಮೇಲಿಟ್ಟು ಮೂತಿಯಿಂದ ಬಾಲದವರೆಗೆ ಅಳೆಯಬೇಕು. ಹೊಟ್ಟೆ ಸೀಳಿ ಮೊಟ್ಟೆ ಬಲಿತಿದೆಯೇ ಎಂದು ನೋಡಬೇಕು. ಜಠರದಲ್ಲಿ ಸಿಕ್ಕಿದ್ದನ್ನು ಸೂಕ್ಷ್ಮದರ್ಶಕದಡಿ ಇಡಬೇಕು. ವರ್ಷಗಟ್ಟಲೆ ಬಿಡದೆ ಮಾಡಿದರಷ್ಟೇ ಇದಕ್ಕೆ ಬೆಲೆ.

ಅಳೆಯುವವರನ್ನು ತಯಾರು ಮಾಡುವ ಶಾಲೆ ಬಂದದ್ದು 1969ರಲ್ಲಿ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜನ್ನು ತೆರೆಯಿತು. ಮೀನುಗಾರಿಕೆಯಲ್ಲಿ ಪದವಿ ಕೊಡುವ ಕಾಲೇಜು ದೇಶದಲ್ಲೇ ಅದು ಮೊದಲನೆಯದು. ಆರಂಭದ ದಶಕಗಳಲ್ಲಿ ಅದರ ಚುಕ್ಕಾಣಿ ಹಿಡಿದವರು ಡಾ. ಎಚ್.ಪಿ.ಸಿ. ಶೆಟ್ಟಿ. ಬಲೆ, ದೋಣಿ, ಸಂಸ್ಕರಣೆ, ಸಮುದ್ರವಿಜ್ಞಾನ, ಕೆರೆಯ ಮೀನುಸಾಕಣೆ ಎಲ್ಲವೂ ಒಂದೇ ಪದವಿಯೊಳಗೆ ಬಂದವು. ಬೇಸಾಯದವರು ಮೀನನ್ನೂ ಬೆಳೆಯೆಂದು ಕಂಡದ್ದರ ಫಲವಿದು ಎಂದು ನನ್ನ ಅಭಿಪ್ರಾಯ.

ಕಾಲೇಜಿನ ಮೊದಲ ತಂಡಗಳು ಹೊರಬರುತ್ತಿದ್ದಾಗಲೇ ಕರಾವಳಿ ಬದಲಾಯಿತು. ನೂರಾರು ಕೈಗಳು ಎರಡೂ ತುದಿಯಿಂದ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ, 1970ರ ದಶಕದ ಕೊನೆಯಲ್ಲಿ ಪರ್ಸಿನ್ ದೋಣಿಗಳ ಎದುರು ಸೋತಿತು. ಬಂಗುಡೆಯ ಹಿಂಡನ್ನು ದಡಕ್ಕೆ ಬರುವ ಮುನ್ನವೇ ಸುತ್ತುವ ಬಲೆ ಪರ್ಸಿನ್. ದಡದಲ್ಲಿ ಪಾಲು ಪಡೆಯುತ್ತಿದ್ದ ಕುಟುಂಬಗಳ ಪಾಲಿಗೆ ಆ ನಷ್ಟ ತುಂಬಿಬರಲಿಲ್ಲ. ಮುಂದೆ 1990ರ ದಶಕದಲ್ಲಿ ಸಿಗಡಿ ಕೊಳಗಳಿಗೆ ಬಿಳಿಚುಕ್ಕೆ ರೋಗ ಬಡಿದಾಗ ವಿಜ್ಞಾನಿಗಳಾದ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಇದೇ ಕಾಲೇಜಿನಲ್ಲಿ ಅದರ ಪತ್ತೆಗೆ ದುಡಿದರು.

ಈಗ ಕಾಲೇಜು ಬೀದರ್‌ನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಬೀದರ್‌ಗೂ ಕಡಲಿಲ್ಲ! ಆದರೆ ಕೆರೆಗಳಿವೆ, ಕೋಲಾರದಲ್ಲಿರುವಂತೆಯೇ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಆ ನೀರಿನಲ್ಲಿ ಬೆಳೆದ ಕಾಟ್ಲಾ, ರೋಹು ತಿನ್ನಲು ಯೋಗ್ಯವೇ ಎಂದು ಪರೀಕ್ಷಿಸಿ ಹೇಳಬೇಕಾದವರು ಆ ಪದವಿ ಓದಿದವರೇ. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ಬಂಗಾರಪೇಟೆ, ಕೆ.ಜಿ.ಎಫ್. ಮಕ್ಕಳಿಗೂ ಸಿಇಟಿ ಬರೆದು ಆ ಸೀಟು ಪಡೆಯುವ ಅವಕಾಶವಿದೆ. ಆಯ್ಕೆಪಟ್ಟಿ ತುಂಬುವಾಗ ತಂದೆತಾಯಂದಿರು ಮೀನುಗಾರಿಕೆ ಪದವಿಯನ್ನೂ ಬರೆಸಲಿ.