ಹಳೆಯ ಟ್ರ್ಯಾಕ್ಟರಿನಲ್ಲಿ ಅಪರಿಚಿತ ಸಹಾಯಕ ಗೇರ್‌ಬಾಕ್ಸ್: ಗುರುತಿಸುವ ವಿಧಾನ

ಹಳೆಯ ಟ್ರ್ಯಾಕ್ಟರ್ ಕೊಂಡ ರೈತರಿಗೆ ಕೆಲವೊಮ್ಮೆ ಮುಖ್ಯ ಗೇರ್ ಲಿವರಿನ ಸಮೀಪ ಮತ್ತೊಂದು ಲಿವರ್ ಕಂಡುಬರುತ್ತದೆ. ಕೈಪಿಡಿ ಇರುವುದಿಲ್ಲ, ಮಾರಿದವರಿಗೂ ಅದರ ಉಪಯೋಗ ತಿಳಿದಿರುವುದಿಲ್ಲ. ಅದು ಪಿ.ಟಿ.ಓ. ಅಥವಾ ಡಿಫರೆನ್ಷಿಯಲ್ ಲಾಕ್‌ನ ಲಿವರ್ ಅಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ. ಅಲ್ಲವಾದರೆ ಅದು ಬಹುಶಃ ಸಹಾಯಕ ಗೇರ್‌ಬಾಕ್ಸಿಗೆ ಸೇರಿದ್ದು. ಅದನ್ನು ಯಾರು ತಯಾರಿಸಿದರು ಎಂಬುದಕ್ಕಿಂತ, ಪಿ.ಟಿ.ಓ. ಶಾಫ್ಟಿಗೆ ಶಕ್ತಿ ಕವಲೊಡೆಯುವ ಜಾಗಕ್ಕಿಂತ ಮುಂಚೆ ಅದು ಇದೆಯೋ ನಂತರ ಇದೆಯೋ ಎಂಬುದೇ ಮುಖ್ಯ. ಮುಂಚೆ ಇದ್ದಲ್ಲಿ ಲಿವರ್ ಬದಲಿಸಿದಾಗ ಚಕ್ರದ ವೇಗದೊಂದಿಗೆ ಪಿ.ಟಿ.ಓ. ವೇಗವೂ ಬದಲಾಗುತ್ತದೆ.

ಎರಡು ಪ್ರಸಿದ್ಧ ಉದಾಹರಣೆಗಳನ್ನು ನೋಡೋಣ. ಅಮೆರಿಕದಲ್ಲಿ 1947ರಿಂದ 1952ರವರೆಗೆ ತಯಾರಾದ ಫೋರ್ಡ್ 8ಎನ್ ಟ್ರ್ಯಾಕ್ಟರಿಗೆ ಮುಂದಕ್ಕೆ 4 ಗೇರುಗಳಷ್ಟೇ ಇದ್ದವು. ವೇಗದ ಆಯ್ಕೆ ಹೆಚ್ಚಿಸಲು ಅನೇಕರು ಶರ್ಮನ್ ಎಂಬ ಸಹಾಯಕ ಗೇರ್‌ಬಾಕ್ಸನ್ನು ಅಳವಡಿಸಿಕೊಂಡರು. ಅದು ಕ್ಲಚ್ ಮತ್ತು ಮುಖ್ಯ ಗೇರ್‌ಬಾಕ್ಸಿನ ನಡುವೆ, ಕವಚದ ಒಳಗೇ ಕೂರುತ್ತದೆ. ಹೊರಗೆ ಕಾಣುವುದು ಒಂದು ಸಣ್ಣ ಲಿವರ್ ಮಾತ್ರ. ವೇಗ ಹೆಚ್ಚಿಸುವ ಮಾದರಿಯಲ್ಲಿ ಅದು ವೇಗವನ್ನು ಸುಮಾರು ಒಂದೂವರೆ ಪಟ್ಟು ಮಾಡುತ್ತದೆ. ಪಿ.ಟಿ.ಓ. ಅದರ ನಂತರ ಕವಲೊಡೆಯುವುದರಿಂದ, ನಿಮಿಷಕ್ಕೆ 540 ಸುತ್ತು ತಿರುಗಬೇಕಾದ ಶಾಫ್ಟ್ 810 ಸುತ್ತು ತಿರುಗಬಹುದು. ಒಕ್ಕಣೆ ಯಂತ್ರವನ್ನಾಗಲಿ ರೋಟವೇಟರನ್ನಾಗಲಿ ಈ ವೇಗದಲ್ಲಿ ಓಡಿಸುವುದು ಪ್ರಾಣಾಪಾಯಕ್ಕೆ ದಾರಿ.

ಇದಕ್ಕೆ ವಿರುದ್ಧವಾಗಿ, 1950ರ ದಶಕದ ಕೊನೆಯ ಮ್ಯಾಸಿ ಫರ್ಗ್ಯುಸನ್ 35ರಲ್ಲಿ ಹೈ-ಲೋ ಲಿವರ್ ಕಾರ್ಖಾನೆಯಿಂದಲೇ ಬಂದಿತ್ತು. ಅದರ ಪ್ಲಾನೆಟರಿ ಗೇರು ಮುಖ್ಯ ಗೇರ್‌ಬಾಕ್ಸಿನ ಹಿಂದಿದೆ. ಮುಂದಕ್ಕೆ 3, ಹಿಂದಕ್ಕೆ 1 ಇದ್ದ ಗೇರುಗಳು ಇದರಿಂದ 6 ಮತ್ತು 2 ಆಗುತ್ತವೆ. ಲೋ ಸ್ಥಾನದಲ್ಲಿ ಚಕ್ರದ ವೇಗ ನಾಲ್ಕನೇ ಒಂದು ಭಾಗಕ್ಕೆ ಇಳಿದರೂ ಇಂಜಿನ್ ಚಾಲಿತ ಪಿ.ಟಿ.ಓ. ವೇಗ ಬದಲಾಗುವುದಿಲ್ಲ.

ನಿಮ್ಮ ಟ್ರ್ಯಾಕ್ಟರನ್ನು ಹೀಗೆ ಪರೀಕ್ಷಿಸಿ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಅಥವಾ ದಿಮ್ಮಿ ಕೊಡಿ. ಪಿ.ಟಿ.ಓ.ಗೆ ಯಾವ ಉಪಕರಣವನ್ನೂ ಜೋಡಿಸಿರಬಾರದು. ಮುಖ್ಯ ಗೇರು ನ್ಯೂಟ್ರಲ್‌ನಲ್ಲಿರಲಿ. ಪಿ.ಟಿ.ಓ. ಹಾಕಿ, ಇಂಜಿನ್ನನ್ನು ಕಡಿಮೆ ವೇಗದಲ್ಲಿ, ಆಕ್ಸಿಲರೇಟರ್ ಅಲುಗಿಸದೆ ಓಡಿಸಿ. ಕ್ಲಚ್ ಒತ್ತಿ, ಅಪರಿಚಿತ ಲಿವರನ್ನು ಒಂದೊಂದು ಸ್ಥಾನದಲ್ಲಿರಿಸಿ, ಕ್ಲಚ್ ಬಿಟ್ಟು ದೂರದಿಂದಲೇ ಶಾಫ್ಟನ್ನು ಗಮನಿಸಿ. ಪಂಚೆ, ಟವೆಲು, ಸೆರಗು ಅದರ ಹತ್ತಿರ ಸುಳಿಯಕೂಡದು. ವೇಗ ಬದಲಾದರೆ ಗೇರ್‌ಬಾಕ್ಸ್ ಕವಲಿಗಿಂತ ಮುಂಚೆ ಇದೆ. ಬದಲಾಗದಿದ್ದರೆ ನಂತರ ಇದೆ. ನಡುವಿನ ಸ್ಥಾನದಲ್ಲಿ ಶಾಫ್ಟ್ ನಿಂತುಹೋದರೆ, ಮುಂಚೆ ಇರುವ ಆ ಗೇರ್‌ಬಾಕ್ಸಿಗೆ ತನ್ನದೇ ನ್ಯೂಟ್ರಲ್ ಇದೆಯೆಂದು ತಿಳಿಯಿರಿ. ಪಿ.ಟಿ.ಓ. ಲಿವರ್ ಚಕ್ರದ ವೇಗಕ್ಕೆ ಹೊಂದುವ ಸ್ಥಾನದಲ್ಲಿದ್ದರೆ ನಿಂತ ಟ್ರ್ಯಾಕ್ಟರಿನಲ್ಲಿ ಶಾಫ್ಟ್ ತಿರುಗುವುದೇ ಇಲ್ಲ. ಅದನ್ನು ದೋಷವೆಂದು ಭಾವಿಸಬೇಡಿ.

ಮುಂದೆ ಅನುಪಾತ ಕಂಡುಕೊಳ್ಳುವುದು. 20 ಮೀಟರ್ ಅಳೆದು ಗುರುತು ಹಾಕಿ, ಒಂದೇ ಗೇರಿನಲ್ಲಿ, ಒಂದೇ ಇಂಜಿನ್ ವೇಗದಲ್ಲಿ, ಲಿವರಿನ ಎರಡೂ ಸ್ಥಾನಗಳಲ್ಲಿ ಆ ದೂರ ಕ್ರಮಿಸಲು ಹಿಡಿಯುವ ಸೆಕೆಂಡುಗಳನ್ನು ಬರೆದುಕೊಳ್ಳಿ. 24 ಮತ್ತು 16 ಸೆಕೆಂಡು ಬಂದರೆ ಅನುಪಾತ ಒಂದೂವರೆ. 48 ಮತ್ತು 12 ಬಂದರೆ ನಾಲ್ಕು.

ಚಲಿಸುತ್ತಿರುವಾಗಲೇ, ಕ್ಲಚ್ ಒತ್ತದೆ ವೇಗ ಬದಲಿಸುವ ಸಣ್ಣ ಲಿವರ್ ಇದ್ದರೆ ಅದು 1960ರ ದಶಕದ ಮ್ಯಾಸಿ ಫರ್ಗ್ಯುಸನ್ ಮಲ್ಟಿ-ಪವರ್ ಆಗಿರಬಹುದು. ಅದರ ಕೆಳ ವೇಗದಲ್ಲಿ ಇಳಿಜಾರಿನಲ್ಲಿ ಇಂಜಿನ್ನಿನ ಹಿಡಿತ ಸಿಗುವುದಿಲ್ಲ. ತುಂಬಿದ ಟ್ರೇಲರ್ ಎಳೆಯುವವರು ಇಳಿಜಾರಿಗೆ ಮುನ್ನವೇ ಮೇಲಿನ ವೇಗಕ್ಕೆ ಹಾಕಿ, ಮುಖ್ಯ ಗೇರನ್ನು ತಗ್ಗಿಸಿಕೊಳ್ಳಬೇಕು. ಉಳಿದ ಹಳೆಯ ಸಹಾಯಕ ಗೇರುಗಳನ್ನು ಟ್ರ್ಯಾಕ್ಟರ್ ನಿಲ್ಲಿಸಿಯೇ ಬದಲಿಸುವುದು ಕ್ಷೇಮ. ಇಳಿಜಾರಿನ ನಡುವೆ ಲಿವರ್ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡರೆ ಮುಖ್ಯ ಗೇರು ಹಾಕಿದ್ದರೂ ಗಾಡಿ ಉರುಳುತ್ತದೆ.

ವೇಗ ತಗ್ಗಿದಷ್ಟೂ ಎಳೆತದ ಬಲ ಏರುತ್ತದೆ, ಆದರೆ ಹಿಂದಿನ ಆಕ್ಸಲ್ ಮೊದಲಿನದೇ. ಆದ್ದರಿಂದ ತಗ್ಗಿಸುವ ಗೇರನ್ನು ನಿಧಾನ ನಡಿಗೆ ಬೇಕಾದ ಕೆಲಸಕ್ಕೆ ಬಳಸಿ, ಭಾರಿ ಎಳೆತಕ್ಕೆ ಬೇಡ. ಪರೀಕ್ಷೆ ಮುಗಿದ ಮೇಲೆ ಲಿವರಿನ ಪ್ರತಿ ಸ್ಥಾನವನ್ನೂ, 540 ಸುತ್ತು ಬರುವ ಇಂಜಿನ್ ವೇಗವನ್ನೂ ಮಡ್ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆಸಿಡಿ. ನಾಳೆ ಅದನ್ನು ಓಡಿಸುವವರು ಬೇರೆಯವರಾಗಿರಬಹುದು.