ಗಾಡಿ ಮೂಗಿಗೆ ಕಟ್ಟಿದ ಬಟ್ಟೆ

ಹೋದ ಸಲ ಹುಣಿಸೇಹಣ್ಣು ಬೀಜ ತೆಗೆದು ಉಪ್ಪು ಹಾಕಿ ಉಂಡೆ ಕಟ್ಟಿ ಇಡೋದನ್ನ ಬರೆದಿದ್ದೆ. ಓದಿ ಫೋನ್ ಮಾಡಿದೋರೆಲ್ಲ, ಮುಂದಿನ ಸಲ ಮೆಣಸಿನಕಾಯಿ ಸಂಡಿಗೆ ಬರೀರಿ ಅಂದ್ರಿ. ಬರೀತೀನಿ. ಆದ್ರೆ ಈ ಸಲ ಮೋಟರ್‌ಸೈಕಲ್ ವಿಷಯ. ಮೂಗು ಮುರೀಬೇಡಿ, ಯಾಕಂದ್ರೆ ಇದು ಮೂಗಿನ ವಿಷಯಾನೇ. ನಮ್ಮ ಮೈಸೂರಲ್ಲಿ ಇದ್ದೋರಿಗೆ, ಅದರಲ್ಲೂ ಜಾವಾ, ಯೆಜ್ಡಿ ಇದ್ದ ಮನೆಗೆ ಸೊಸೆಯಾಗಿ ಬಂದೋರಿಗೆ, ಇದು ಅಡುಗೆಮನೆ ವಿಷಯ ಕೂಡ ಹೌದು. ಹೇಗೆ ಅಂತ ಹೇಳ್ತೀನಿ.

ಗಾಡಿ ಬರೀ ಪೆಟ್ರೋಲ್ ಕುಡಿಯತ್ತೆ ಅಂತ ನಾವು ಅಂದ್ಕೋತೀವಿ. ಅದು ಪೆಟ್ರೋಲಿಗಿಂತ ಹೆಚ್ಚು ಗಾಳಿ ಕುಡಿಯತ್ತೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯೋಕೆ ಹೆಚ್ಚುಕಮ್ಮಿ 9000 ಲೀಟರ್ ಗಾಳಿ ಬೇಕು. ಮಹಡಿ ಮೇಲೆ ಇಡ್ತೀವಲ್ಲ 1000 ಲೀಟರ್ ನೀರಿನ ಟ್ಯಾಂಕು, ಅಂಥದ್ದು 9 ಸಾಲಾಗಿ ನಿಲ್ಲಿಸಿಕೊಳ್ಳಿ, ಅಷ್ಟು ಗಾಳಿ. ರಸ್ತೆ ಗಾಳಿ ಅಂದ್ರೆ ಧೂಳು ಇದ್ದೇ ಇರತ್ತೆ. ಆ ಧೂಳು ಸೋಸೋದೇ ಏರ್ ಫಿಲ್ಟರ್. ಸೋಸದೆ ಬಿಟ್ರೆ ಮಣ್ಣಿನ ಕಣ ಒಳಗೆ ಹೋಗಿ ಪಿಸ್ಟನ್ನನ್ನೂ ಅದು ಆಡೋ ಗೋಡೇನೂ ಉಜ್ಜತ್ತೆ, ನಾವು ಪಾತ್ರೆಗೆ ಬೂದಿ ಹಾಕಿ ಉಜ್ಜೋ ಹಾಗೆ. ಪಾತ್ರೆ ಹೊಳೆಯತ್ತೆ, ಎಂಜಿನ್ ಸಾಯತ್ತೆ. ಜಾವಾ, ಯೆಜ್ಡಿ ಥರದ ಟೂ ಸ್ಟ್ರೋಕ್ ಗಾಡೀಲಿ ಇನ್ನೂ ಕಷ್ಟ. ಅದರಲ್ಲಿ ಗಾಳಿ ಪೆಟ್ರೋಲು ಎರಡೂ ಮೊದಲು ಎಂಜಿನ್ನಿನ ಹೊಟ್ಟೆಗೆ ಹೋಗಿ ಆಮೇಲೆ ಮೇಲಕ್ಕೆ ಹೋಗತ್ತೆ. ಹಾಗಾಗಿ ಧೂಳು ಕೆಳಗಿನ ಬೇರಿಂಗುಗಳನ್ನೂ ತಿನ್ನತ್ತೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಜಾವಾ ನಮ್ಮ ಊರಿಂದಲ್ಲ. ಚೆಕೊಸ್ಲೊವಾಕಿಯಾದ ಪ್ರಾಗ್‌ನಲ್ಲಿ 1929ರಲ್ಲಿ ಶುರುವಾಗಿದ್ದು. ಯಾನೆಚೆಕ್ ಅನ್ನೋ ಧಣಿ ವಾಂಡರರ್ ಅನ್ನೋ ಕಂಪನಿಯಿಂದ ಮೋಟರ್‌ಸೈಕಲ್ ಮಾಡೋ ಹಕ್ಕು ಕೊಂಡುಕೊಂಡು, ತನ್ನ ಹೆಸರಿನ ಮೊದಲ ಎರಡಕ್ಷರ, ಅವರ ಹೆಸರಿನ ಮೊದಲ ಎರಡಕ್ಷರ ಸೇರಿಸಿ ಇಟ್ಟ ಹೆಸರು ಅದು. ಅದನ್ನ ಮೈಸೂರಿಗೆ ತಂದೋರು ಇರಾನಿ ಮನೆತನದ ರುಸ್ತುಂ ಮತ್ತು ಫರ್ರೋಖ್. ಯಾದವಗಿರೀಲಿ ಐಡಿಯಲ್ ಜಾವಾ ಕಾರ್ಖಾನೆ ಆಯ್ತು, 1961ರಿಂದ ಗಾಡಿ ಹೊರಗೆ ಬಂತು. ನಮ್ಮ ಜಯಚಾಮರಾಜ ಒಡೆಯರೇ ಉದ್ಘಾಟನೆ ಮಾಡಿದ್ದು, ಆಗ ಅವರು ರಾಜ್ಯಪಾಲರು. 1973ರಿಂದ ಯೆಜ್ಡಿ ಅಂತ ಹೆಸರಾಯ್ತು. ಕಿಕ್ ಹೊಡೆಯೋ ಕಡ್ಡೀನೇ ಮುಂದಕ್ಕೆ ಮಡಚಿದ್ರೆ ಗೇರ್ ಹಾಕೋ ಕಡ್ಡಿ! ಮದುವೆಯಾದ ಹೊಸದರಲ್ಲಿ ಅದನ್ನ ನೋಡಿ ನಾನು, ಇದೇನು ಮುರಿದುಹೋಗಿದೆಯಾ ಅಂತ ಕೇಳಿದ್ದೆ. ನಮ್ಮ ಅತ್ತೆಯವರು ನಕ್ಕಿದ್ದು ಇನ್ನೂ ಕಿವೀಲಿದೆ.

ಆಗ ಮೈಸೂರಲ್ಲಿ ಪ್ರತಿ ಬೀದೀಲೂ ಕಾರ್ಖಾನೆಗೆ ಹೋಗೋರು ಒಬ್ಬರಾದ್ರೂ ಇರ್ತಿದ್ರು. ಏನು ಕೆಟ್ರೂ ಅವರನ್ನ ಕೇಳಿದ್ರೆ ಆಗ್ತಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಗ ಎಷ್ಟು ಮನೆಗಳ ಒಲೆ ತಣ್ಣಗಾಯ್ತು ಅನ್ನೋದು ಬೇರೆ ಕಥೆ, ಅದನ್ನ ಆ ಮನೆಯೋರೇ ಹೇಳಬೇಕು. ನಾನು ಹೇಳೋಕೆ ಹೊರಟಿರೋದು ಗಾಡಿ ಉಳಿದೋರ ಕಥೆ. ಕಾರ್ಖಾನೆ ಹೋಯ್ತು, ಗಾಡಿ ಉಳೀತು. ಹೊಸದು ತಗೊಳ್ಳೋಕೆ ದುಡ್ಡಿಲ್ಲ, ಇದ್ದದ್ದನ್ನ ಮಾರಿದ್ರೆ ಗುಜರಿ ರೇಟು. ಸಾಮಾನು ಒಂದೊಂದೇ ಅಂಗಡಿಯಿಂದ ಖಾಲಿ ಆಗ್ತಾ ಬಂತು. ಪಿಸ್ಟನ್ ಹೇಗೋ ಸಿಗ್ತಿತ್ತು, ಕ್ಲಚ್ ಪ್ಲೇಟ್ ಸಿಗ್ತಿತ್ತು. ಫಿಲ್ಟರ್ ಥರದ ಸಣ್ಣ ಸಾಮಾನಿಗೆ ಮಾತ್ರ ಅಲೆದಾಟ.

ನಮ್ಮ ಗಾಡಿ ಫಿಲ್ಟರ್ ಹೋಗಿದ್ದು ಇಲಿಯಿಂದ. ಒಂದು ಮಳೆಗಾಲ ಗಾಡಿ ಹಿತ್ತಲ ಶೆಡ್ಡಲ್ಲಿ ನಿಂತಿತ್ತು. ತೆಗೆದು ನೋಡಿದ್ರೆ ಫಿಲ್ಟರ್ ಡಬ್ಬೀಲಿ ಇಲಿ ಸಂಸಾರ, ಒಳಗಿನ ಕಾಗದ ಎಲ್ಲ ಚೂರುಚೂರು. ನಮ್ಮ ಯಜಮಾನರು ಆಗ ದಿನಾ ನಂಜನಗೂಡಿಗೆ ಹೋಗಿ ಬರ್ತಿದ್ರು, ರಸ್ತೆ ಕೆಲಸ ನಡೀತಿತ್ತು, ಸಂಜೆ ಮನೆಗೆ ಬಂದ್ರೆ ಹುಬ್ಬು ಕೂಡ ಕೆಂಪು. ಫಿಲ್ಟರ್ ಇಲ್ಲದೆ ನಾಲ್ಕು ದಿನ ಓಡಿಸ್ತೀನಿ, ಏನಾಗಲ್ಲ ಅಂದ್ರು. ಆದ್ರೆ ಬೋರ್ ಮಾಡಿಸೋ ಖರ್ಚು ಬಂದ್ರೆ ಮಗಳ ಕಾಲೇಜು ಫೀಸಿಗೆ ಇಟ್ಟ ದುಡ್ಡಿಗೇ ಕೈ ಹಾಕಬೇಕಿತ್ತು. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಆಗ ಕೈ ಹಿಡಿದಿದ್ದು ಎದುರುಮನೆ ಅಕ್ಕ. ಅವರ ಮನೆಯೋರು ಮೊದಲು ಕಾರ್ಖಾನೇಲಿದ್ದೋರು. ಅಕ್ಕ ಹೊಲಿಗೆ ಮಿಷನ್ನಲ್ಲಿ ರವಿಕೆ, ಲಂಗ ಹೊಲಿಯೋರು. ಅದರ ಜೊತೆಗೆ ಬೀದಿ ಗಾಡಿಗಳಿಗೆ ಸ್ಪಂಜಿನ ಫಿಲ್ಟರ್ ಕೂಡ ಹೊಲಿದುಕೊಡೋರು! ಕುರ್ಚಿ ಸೀಟು ಮಾಡೋ ಅಂಗಡಿಯಿಂದ ತುಂಡು ಸ್ಪಂಜು ತರೋದು, ಸೊಳ್ಳೆ ಜಾಲರಿ ಅಂಗಡಿಯಿಂದ ತಂತಿ ಬಲೆ ತರೋದು. ಒಂದಕ್ಕೆ 10 ರೂಪಾಯಿ ತಗೊಳ್ಳೋರು. ಗಂಡಸರು ಬಂದು, ಅಕ್ಕಾ ನನ್ನ ಗಾಡಿಗೊಂದು ಅಂತ ಅಳತೆ ಕೊಟ್ಟು ಹೋಗೋರು. ನಾನು ಅವರ ಹತ್ರಾನೇ ಕಲಿತದ್ದು.

ಕೇಳಿದೋರು ಕೆಲವರು, ಇದೆಲ್ಲ ಬಡತನದ ಉಪಾಯ ಅಂತಾರೆ. ನಾನು ಒಪ್ಪಲ್ಲ. ಈ ಸಾಮಾನಿನ ಚರಿತ್ರೆ ಶುರುವಾಗಿದ್ದೇ ಹೀಗೆ. ಮೊದಮೊದಲಿನ ಎಷ್ಟೋ ಮೋಟರ್‌ಸೈಕಲ್ಲು, ಟ್ರ್ಯಾಕ್ಟರಿಗೆ ಫಿಲ್ಟರ್ರೇ ಇರಲಿಲ್ಲ. 1915ರಲ್ಲಿ ಅಮೆರಿಕದಲ್ಲಿ ಫ್ರಾಂಕ್ ಡೊನಾಲ್ಡ್‌ಸನ್ ಅಂತ ಒಬ್ಬ ಟ್ರ್ಯಾಕ್ಟರ್ ಮಾರೋನು ಇದ್ದ. ಯೂಟಾ ಕಡೆ ಒಬ್ಬ ರೈತನ ಟ್ರ್ಯಾಕ್ಟರ್ ಧೂಳು ಕುಡಿದು ಪದೇ ಪದೇ ಕೆಡ್ತಿತ್ತು. ಅವನು ಏನು ಮಾಡಿದ ಅಂದ್ರೆ, ತಂತಿ ಪಂಜರ ಮಾಡಿ ಅದರ ಮೇಲೆ ಮೆತ್ತನೆ ಬಟ್ಟೆ ಸುತ್ತಿ, ಕೊಳವೆ ಮೇಲೆ ಎತ್ತರಕ್ಕೆ ಕೂರಿಸಿದ. ಅಷ್ಟೆ. ಅದರಿಂದ ಹುಟ್ಟಿದ ಕಂಪನಿ ಇವತ್ತಿಗೂ ಫಿಲ್ಟರ್ ಮಾಡ್ತಿದೆ. ತಂತಿ ಪಂಜರ, ಮೇಲೆ ಬಟ್ಟೆ! ನಮ್ಮಕ್ಕ ಮಾಡಿದ್ದೂ ಅದನ್ನೇ ತಾನೆ?

ಇನ್ನೊಂದು ಕೇಳಿ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಇಂಗ್ಲಿಷರ ಸ್ಪಿಟ್‌ಫೈರ್ ವಿಮಾನಗಳು ಈಜಿಪ್ಟಿನ ಮರಳುಗಾಡಿಗೆ ಬಂದವು. ಮರಳು ಒಳಗೆ ಹೋಗಬಾರದು ಅಂತ ಇಂಗ್ಲೆಂಡಲ್ಲೇ ವೋಕ್ಸ್ ಅನ್ನೋ ಫಿಲ್ಟರ್ ಹಾಕಿ ಕಳಿಸಿದ್ರು. ಅದು ವಿಮಾನದ ಗಲ್ಲದ ಕೆಳಗೆ ದೊಡ್ಡ ಗಂಟು ಕಟ್ಟಿದ ಹಾಗೆ. ಗಾಳಿಗೆ ಅಡ್ಡ ಬಂದು ವಿಮಾನದ ವೇಗ ಕಮ್ಮಿ ಆಗ್ತಿತ್ತು. ಅಲೆಕ್ಸಾಂಡ್ರಿಯಾ ಹತ್ರ ಅಬುಕಿರ್ ಅನ್ನೋ ಕಡೆ ರಿಪೇರಿ ಮಾಡೋ ಸೈನಿಕರೇ ಕೂತು ಚಿಕ್ಕದೊಂದು ಫಿಲ್ಟರ್ ಮಾಡಿದ್ರು. ಕಾರ್ಖಾನೆಯದಕ್ಕಿಂತ ಅದೇ ಚೆನ್ನಾಗಿತ್ತು, ಆಮೇಲೆ ಅದನ್ನೇ ಎಷ್ಟೋ ವಿಮಾನಕ್ಕೆ ಹಾಕಿದ್ರು. ಧೂಳು ಯಾರ ಕಣ್ಣಿಗೆ ಬೀಳತ್ತೋ ಅವರಿಗೇ ಅದರ ಉಪಾಯ ಹೊಳೆಯೋದು ಅಂತ ನನ್ನ ಲೆಕ್ಕ.

ಇನ್ನು ಎಣ್ಣೆ ವಿಷಯ. ಇದು ನಮಗೆ ತಟ್ಟನೆ ಅರ್ಥ ಆಗಲ್ಲ, ಯಾಕಂದ್ರೆ ನಾವು ಒಂದರಿ, ಜರಡಿ ಹಿಡಿಯೋ ಕೈ. ಜರಡೀಲಿ ತೂತಿಗಿಂತ ದಪ್ಪಗಿರೋದು ಮೇಲೆ ನಿಲ್ಲತ್ತೆ, ಸಣ್ಣದು ಕೆಳಗೆ ಹೋಗತ್ತೆ. ಧೂಳು ಎಷ್ಟು ಸಣ್ಣ ಅಂದ್ರೆ ಅದಕ್ಕೆ ತಕ್ಕ ತೂತು ಮಾಡಿದ್ರೆ ಗಾಳೀನೇ ಹೋಗಲ್ಲ. ಅದಕ್ಕೇ ಹಳೇ ಕಾಲದೋರು ತೂತು ದೊಡ್ಡದೇ ಇಟ್ಟು ಅದಕ್ಕೆ ಎಣ್ಣೆ ಸವರಿದ್ರು. ಗಾಳಿ ಸುತ್ತಿ ಬಳಸಿ ಹೋಗುವಾಗ ಧೂಳು ಎಣ್ಣೆಗೆ ಅಂಟ್ಕೊಳ್ಳತ್ತೆ. ಒಗ್ಗರಣೆ ಹಾಕೋ ಜಾಗದ ಗೋಡೆ ನೋಡಿ, ಎಣ್ಣೆ ಹಾರಿದ ಕಡೆ ಧೂಳು ಹೇಗೆ ಕೂತಿರತ್ತೆ! ಅದೇ ಸೂತ್ರ. ಹಳೇ ಮೋಟರ್‌ಸೈಕಲ್‌ಗಳಲ್ಲಿ ಎಣ್ಣೆ ಸವರಿದ ತಂತಿ ಬಲೆ ಇರ್ತಿತ್ತು. ಹಳೇ ಟ್ರ್ಯಾಕ್ಟರಲ್ಲಿ ಒಂದು ಬಟ್ಟಲಲ್ಲಿ ಎಣ್ಣೇನೇ ತುಂಬಿಟ್ಟಿರ್ತಾರೆ. ಕಾಗದದ ಫಿಲ್ಟರ್ ಆಮೇಲೆ ಬಂದಿದ್ದು, ಅದಕ್ಕೆ ಎಣ್ಣೆ ಬೇಡ, ಹಾಕಲೂಬಾರದು. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೋಟರ್‌ಸೈಕಲ್ ಅಂಗಡಿ ಇಟ್ಟಿದ್ದ ಇಬ್ಬರು, ಗಾಯಕ್ಕೆ ಕಟ್ತೀವಲ್ಲ ಅಂಥ ತೆಳು ಹತ್ತಿ ಬಟ್ಟೆ, ಅದರ ಎರಡೂ ಕಡೆ ತಂತಿ ಬಲೆ, ಮೇಲೆ ಎಣ್ಣೆ, ಹೀಗೆ ಒಂದು ಫಿಲ್ಟರ್ ಮಾಡಿದ್ರು. ಈಗ ಹುಡುಗರು ಸಾವಿರಾರು ರೂಪಾಯಿ ಕೊಟ್ಟು ತರಿಸ್ತಾರಲ್ಲ ಕೆ ಅಂಡ್ ಎನ್ ಅಂತ, ಅದೇ ಅದು. ನನ್ನ ತಂಗಿ ಮಗ ಅದನ್ನ ತೋರಿಸಿದಾಗ ನಾನು ಬೆರಳಲ್ಲಿ ಮುಟ್ಟಿ ನೋಡಿ ಸುಮ್ಮನಾದೆ.

ಅಕ್ಕ ಹೇಳಿಕೊಟ್ಟ ರೀತಿ ಹೀಗೆ. ಸ್ಪಂಜು ಒಂದು ಬೆರಳು ದಪ್ಪ ಇರಬೇಕು. ಬಾಯಿಗೆ ಒತ್ತಿಟ್ಟು ಊದಿದ್ರೆ ಆ ಕಡೆ ಕೈಗೆ ಉಸಿರು ಸಲೀಸಾಗಿ ತಾಕಬೇಕು. ತಾಕದಿದ್ರೆ ಅದು ಪಾತ್ರೆ ಉಜ್ಜೋಕೆ ಇಟ್ಕೊಳ್ಳಿ, ಗಾಡಿಗೆ ಬೇಡ. ಹಳೇ ದಿಂಬಿನ ಸ್ಪಂಜು ಹಳದಿಯಾಗಿ ಪುಡಿ ಉದುರ್ತಿರತ್ತೆ, ಅದಂತೂ ಬೇಡವೇ ಬೇಡ, ಆ ಪುಡಿ ನೇರ ಎಂಜಿನ್ನಿಗೆ. ಹಳೇ ಫಿಲ್ಟರಿನ ತಗಡಿನ ಚೌಕಟ್ಟು ಎಸೀಬೇಡಿ, ಅದರ ಮೇಲೇ ಕಟ್ಟಬೇಕು. ಎಂಜಿನ್ ಕಡೆಗೆ ತಂತಿ ಬಲೆ ಬರಬೇಕು, ಇಲ್ಲದಿದ್ರೆ ಒಂದಿನ ಸ್ಪಂಜನ್ನೇ ಒಳಗೆ ಎಳೆದುಕೊಳ್ಳತ್ತೆ. ಬಲೆಯ ಕತ್ತರಿಸಿದ ಅಂಚನ್ನ ಒಳಕ್ಕೆ ಮಡಚಿ ತಟ್ಟಬೇಕು, ತಂತಿ ಎಳೆ ಒಂದೂ ಬಿಡಿಯಾಗಿ ಇರಕೂಡದು. ಪಾತ್ರೆ ಉಜ್ಜೋ ಸ್ಟೀಲ್ ನಾರು ತುಂಬಿದೋರನ್ನೂ ನೋಡಿದೀನಿ. ಅದರ ಎಳೆ ಮುರಿದು ಒಳಗೆ ಹೋದ್ರೆ ಮಣ್ಣಿಗಿಂತ ಕೆಟ್ಟದ್ದು. ಹಳೇ ಪಂಚೆ ಬಟ್ಟೆ ಸುತ್ತೋದೂ ಸರಿಯಲ್ಲ, ಒಂದು ಪದರಕ್ಕೆ ಧೂಳು ನಿಲ್ಲಲ್ಲ, ನಾಲ್ಕು ಪದರಕ್ಕೆ ಗಾಡಿ ಉಸಿರುಗಟ್ಟತ್ತೆ.

ಹೊಲಿದಾದ ಮೇಲೆ ಸೋಪಿನ ನೀರಲ್ಲಿ ಅದ್ದಿ ಹಿಂಡಬೇಕು. ಬಟ್ಟೆ ಥರ ತಿರುಚಬಾರದು, ಎರಡು ಅಂಗೈ ನಡುವೆ ಒತ್ತಬೇಕು, ತಿರುಚಿದ್ರೆ ಹರಿಯತ್ತೆ. ನೆರಳಲ್ಲಿ ಒಣಗಿಸಿ, ಎಂಜಿನ್ ಆಯಿಲ್ ಎರಡು ಚಮಚ ಹಾಕಿ, ಉಪ್ಪಿನಕಾಯಿ ಹೋಳಿಗೆ ಖಾರ ಹಿಡಿಸೋ ಹಾಗೆ ಎಲ್ಲ ಕಡೆ ಹಿಡಿಸಿ, ಹೆಚ್ಚಾದ್ದನ್ನ ಹಳೇ ಬಟ್ಟೇಲಿ ಒತ್ತಿ ತೆಗೀಬೇಕು. ತೊಟ್ಟಿಕ್ಕಬಾರದು. ಅಡುಗೆ ಎಣ್ಣೆ ಬೇಡ, ಜಿಗುಟಾಗಿ ಗಟ್ಟಿಯಾಗತ್ತೆ. ಪೆಟ್ರೋಲಲ್ಲಿ ತೊಳೆಯೋ ಅಭ್ಯಾಸ ಮೆಕ್ಯಾನಿಕ್‌ಗಳಿಗಿದೆ. ದಯವಿಟ್ಟು ಮನೇಲಿ ಅದನ್ನ ಮಾಡಬೇಡಿ, ಅಡುಗೆಮನೆ ಹತ್ರ ಅಂತೂ ಬೇಡ, ಅದರ ಆವಿ ನೆಲ ಹಿಡಿದು ಬಂದು ಒಲೆ ಮುಟ್ಟತ್ತೆ. ಸ್ಪಂಜಿಗೂ ಪೆಟ್ರೋಲ್ ಆಗಿಬರಲ್ಲ.

ಎಲ್ಲಕ್ಕಿಂತ ಮುಖ್ಯ ಅಂಚು. ಡಬ್ಬದ ಮುಚ್ಚಳ ಸರಿಯಾಗಿ ಕೂರದಿದ್ರೆ ಬೆಲ್ಲಕ್ಕೆ ಇರುವೆ ನುಗ್ಗಲ್ವಾ, ಹಾಗೇ ಗಾಳಿ ಸಂದಿ ಹುಡುಕತ್ತೆ. ಸೋಸಿಕೊಂಡು ಬರೋದು ಕಷ್ಟ, ಸಂದೀಲಿ ನುಗ್ಗೋದು ಸುಲಭ. ಅದಕ್ಕೆ ಚೌಕಟ್ಟಿನ ಸುತ್ತ ಗ್ರೀಸು ಸವರಿ ಕೂರಿಸಬೇಕು. ಹದಿನೈದು ದಿನ ಬಿಟ್ಟು ಆ ಗ್ರೀಸಿನ ಒಳಬದಿ ಬೆರಳು ಎಳೆದು ನೋಡಿ, ಮಣ್ಣು ಸಿಕ್ಕಿದ್ರೆ ಸಂದಿ ಇದೆ ಅಂತ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಮಾಡ್ತಾರೆ. ಹಳೇ ಗಾಡಿಗಳನ್ನ ತಿಕ್ಕಿ ತೊಳೆದು ಸಾಲಾಗಿ ನಿಲ್ಲಿಸಿ ಫೋಟೋ ತೆಗೀತಾರೆ. ನಾನೂ ಒಂದು ಸಲ ಹೋಗಿದ್ದೆ. ನೋಡೋಕೆ ಕಣ್ಣಿಗೆ ಹಬ್ಬ, ಸುಳ್ಳಲ್ಲ. ಯಾವ ಗಾಡಿಗೆ ಯಾವ ಮೆಕ್ಯಾನಿಕ್, ಯಾರ ತಾತ ಯಾವ ವರ್ಷ ತಗೊಂಡ್ರು, ಎಲ್ಲ ಹೇಳಿದ್ರು. ಮಧ್ಯದ ಆ ಹತ್ತಿಪ್ಪತ್ತು ವರ್ಷ, ಕಾರ್ಖಾನೆ ಇಲ್ಲದಾಗ, ಅಭಿಮಾನಿ ಸಂಘದ ಸದ್ದೂ ನಮ್ಮ ಬೀದಿವರೆಗೆ ಬರದಿದ್ದಾಗ, ಆ ಗಾಡಿಗಳು ಆಫೀಸಿಗೂ ಆಸ್ಪತ್ರೆಗೂ ಹೇಗೆ ಓಡ್ತಿದ್ವು ಅಂತ ಯಾರೂ ಮಾತೆತ್ತಲಿಲ್ಲ. ಸೀಟಿನ ಕವರ್ ಹೊಲಿದೋರು, ಪೆಟ್ರೋಲ್ ಸೋಸೋಕೆ ಸೀರೆ ಅಂಚು ಕೊಟ್ಟೋರು, ಸ್ಪಂಜು ಹಿಂಡಿದೋರು ಮನೇಲೇ ಇದ್ರು. ಎದುರುಮನೆ ಅಕ್ಕ ಈಗಿಲ್ಲ. ಅವರ ಮಿಷನ್ನು ಅವರ ಸೊಸೆ ಹತ್ರ ಇದೆ. ಅವರು ಫಿಲ್ಟರ್ ಹೊಲಿದುಕೊಟ್ಟಿದ್ದು ಎಷ್ಟು ಗಾಡಿಗೆ ಅಂತ ಬರೆದಿಟ್ಟೋರಿಲ್ಲ, ಅದಕ್ಕೇ ನಾನು ಇಲ್ಲಿ ಬರೀತಿರೋದು. ನಿಮ್ಮ ಬೀದೀಲೂ ಇಂಥೋರಿದ್ರೆ ನನಗೆ ಹೇಳಿ, ಹೆಸರು ಬೇಡ ಅಂದ್ರೆ ಹಾಕಲ್ಲ.

ನಮ್ಮ ಗಾಡಿ ಈಗ ವಾರಕ್ಕೊಂದು ಸಲ ಮಾರ್ಕೆಟ್ಟಿಗೆ ಹೋಗತ್ತೆ. ಸ್ಪಂಜು ವರ್ಷಕ್ಕೊಂದು ಬದಲಾಯಿಸ್ತೀನಿ, ಯುಗಾದಿಗೆ ಮನೆ ಗುಡಿಸಿ ಸಾರಿಸುವಾಗ. ಹಾಕಿದ ಮೇಲೆ ನಾಲ್ಕು ಕಿಲೋಮೀಟರ್ ಓಡಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೋಡ್ತೀನಿ. ತುದಿ ಬೆಳ್ಳಗಿದ್ರೆ ಗಾಳಿ ಹೆಚ್ಚು, ಎಲ್ಲೋ ಸಂದಿ ಇದೆ, ಹಾಗೇ ಬಿಟ್ರೆ ಎಂಜಿನ್ ಕಾದು ಕಚ್ಚಿಕೊಳ್ಳತ್ತೆ. ಕಪ್ಪಗೆ ಮಸಿ ಹಿಡಿದಿದ್ರೆ ಎಣ್ಣೆ ಜಾಸ್ತಿ ಆಗಿದೆ ಇಲ್ಲ ಸ್ಪಂಜು ದಪ್ಪ ಆಗಿದೆ. ಹದವಾಗಿ ಹುರಿದ ಕಾಫಿಬೀಜದ ಬಣ್ಣ ಬಂದಿದ್ರೆ ಸರಿ.